ಗ್ರಿಷಮ್ ಕೊನೆಗೆ ಕೈ ಕೊಡುತ್ತಾರಾ?

ಮೇಡಂ, ನಮಸ್ಕಾರ.

ಧಾರವಾಡದಿಂದ ನೀವು ಬರೆದ ನಾಲ್ಕು ಪುಟದ ಕಾಗದ ಬಂದಿದೆ. ಕಳೆದ ಸಂಚಿಕೆಯ ಓದುಗರ ಪುಟದಲ್ಲಿ, ಕೋರ್ಟು-ವಕೀಲರ ಕಥೆ ಬರೆಯುವ ಅಮೆರಿಕದ ಜಾನ್ ಗ್ರಿಷಮ್ ಕಾದಂಬರಿಗಳನ್ನು ಹೊಗಳಿದ ಮೂರು ಪತ್ರ ಹಾಕಿ, ತೆಗಳಿದ್ದು ಒಂದನ್ನೇ ಹಾಕಿದ್ದೇವೆ ಎಂದು ನಿಮಗೆ ಬೇಜಾರಾಗಿದೆ. ವಕೀಲಿ ಶುರು ಮಾಡಿರುವ ಮಗಳ ಒತ್ತಾಯಕ್ಕೆ ನೀವು ಅವರ ಮೂರು ಕಾದಂಬರಿ ಓದಿದ್ದೀರಿ: ‘ದ ಫರ್ಮ್’, ‘ದ ಚೇಂಬರ್’, ‘ದ ರೈನ್‌ಮೇಕರ್’. ಕಥೆಗಳೆಲ್ಲ ಒಂದೇ ಅಚ್ಚಿನವು, ಪಾತ್ರಗಳಲ್ಲಿ ಜೀವ ಇಲ್ಲ, ಕೊನೆಗೆ ಬರುವಷ್ಟರಲ್ಲಿ ಲೇಖಕರು ಕೈ ಕೊಡುತ್ತಾರೆ ಎಂಬುದು ನಿಮ್ಮ ದೂರು. ‘ಇಷ್ಟಕ್ಕೆ ಇಷ್ಟು ಗಲಾಟೆ ಯಾಕೆ?’ ಎಂದು ಕೇಳಿದ್ದೀರಿ.

ಮೊದಲ ಎರಡು ಮಾತಿಗೆ ನಾನು ಜಾಸ್ತಿ ವಾದ ಮಾಡುವುದಿಲ್ಲ. ಚಿಕ್ಕ ವಯಸ್ಸಿನ ವಕೀಲ, ಕೈಯಲ್ಲಿ ಕಾಸಿಲ್ಲ, ಎದುರಿಗೆ ದೊಡ್ಡ ಕಂಪನಿ. ಈ ಅಚ್ಚು ಇರುವುದು ನಿಜ. 2001ರ ‘ಎ ಪೇಂಟೆಡ್ ಹೌಸ್’ ಥರದ್ದು ಅಪರೂಪ. ಅದು ಅರ್ಕನ್ಸಾದ ಹತ್ತಿ ಹೊಲದ ಕಥೆ, ಹೇಳುವವನು ಏಳು ವರ್ಷದ ಹುಡುಗ, ಹುಡುಕಿದರೂ ಒಬ್ಬ ವಕೀಲ ಸಿಗುವುದಿಲ್ಲ. ಪಾತ್ರಗಳ ವಿಷಯದಲ್ಲೂ ನೀವು ಹೇಳಿದ್ದು ಸರಿ. ಕೆಟ್ಟವರು ಬರೀ ಕೆಟ್ಟವರು. ಹೆಂಗಸರು ಸಾಮಾನ್ಯವಾಗಿ ಕಥೆಯ ಅಂಚಿನಲ್ಲೇ ನಿಂತಿರುತ್ತಾರೆ. ಹನ್ನೊಂದು ವರ್ಷದ ಹುಡುಗನಿಂದ ಒಂದೇ ಒಂದು ಡಾಲರ್ ಫೀಸು ತೆಗೆದುಕೊಂಡು ಅವನ ಬೆನ್ನಿಗೆ ನಿಲ್ಲುವ ‘ದ ಕ್ಲೈಂಟ್’ನ ವಕೀಲೆಯನ್ನು ಬಿಟ್ಟರೆ ನನ್ನ ಮನಸ್ಸಿನಲ್ಲಿ ಉಳಿದವರು ಕಡಿಮೆ. ‘ದ ಫರ್ಮ್’ ಮುಂದುವರಿಸಿ 2023ರಲ್ಲಿ ಬರೆದ ‘ದಿ ಎಕ್ಸ್‌ಚೇಂಜ್’ ಓದಿ ನನಗೂ ಬೇಜಾರಾಯಿತು. ಅದರಲ್ಲಿ ಕೋರ್ಟು ಹಿಂದೆ ಸರಿದು ಒತ್ತೆಯಾಳಿನ ಕಥೆ ಮುಂದೆ ಬಂದುಬಿಡುತ್ತದೆ.

ಆದರೆ ಕೊನೆಗೆ ಕೈ ಕೊಡುತ್ತಾರೆ ಅನ್ನುವುದನ್ನು ಒಪ್ಪಲಾರೆ ಮೇಡಂ. ಅವರ ಒಳ್ಳೆಯ ಕಾದಂಬರಿಗಳ ಜೀವವೇ ಆ ಕೊನೆಯಲ್ಲಿದೆ.

‘ದ ರೈನ್‌ಮೇಕರ್’ ತೆಗೆದುಕೊಳ್ಳಿ. ಮೆಂಫಿಸ್‌ನ ಬಡ ಕುಟುಂಬ. ಮಗನಿಗೆ ಲ್ಯುಕೇಮಿಯಾ. ಅಸ್ಥಿಮಜ್ಜೆ ಕಸಿ ಮಾಡಿದರೆ ಉಳಿಯಬಹುದು. ವಿಮೆ ಇದೆ, ಕಂತು ಕಟ್ಟಿದ್ದಾರೆ. ಕಂಪನಿ ಮಾತ್ರ ದುಡ್ಡು ಕೊಡುವುದಿಲ್ಲ. ಏಳು ಸಲ ‘ಇಲ್ಲ’ ಅಂದ ಮೇಲೆ ಎಂಟನೆಯ ಕಾಗದದಲ್ಲಿ ಆ ತಾಯಿಯನ್ನು ಮೂರು ಸಲ ದಡ್ಡಿ ಎಂದು ಕರೆಯುತ್ತದೆ. ಆ ಕಾಗದ ಓದುವಾಗ ನನಗೆ ಕೈ ನಡುಗಿತ್ತು. ಮಗ ಸಾಯುತ್ತಾನೆ. ಆಗತಾನೇ ಪರೀಕ್ಷೆ ಪಾಸು ಮಾಡಿದ ವಕೀಲ ರೂಡಿ ಕೇಸು ಗೆಲ್ಲುತ್ತಾನೆ. ಜ್ಯೂರಿ, ಅಂದರೆ ತೀರ್ಮಾನ ಹೇಳಲು ಕೂತ ಊರಿನ ಜನ, 5 ಕೋಟಿ ಡಾಲರ್ ದಂಡ ಹಾಕುತ್ತದೆ. ಆಮೇಲೆ? ಕಂಪನಿ ದಿವಾಳಿ. ತಾಯಿಗೂ ಇಲ್ಲ, ವಕೀಲನಿಗೂ ಇಲ್ಲ. ಅವನು ವಕೀಲಿಯನ್ನೇ ಬಿಟ್ಟು ಊರಿಂದ ಹೊರಡುತ್ತಾನೆ.

‘ಇದೇನು ಕೊನೆ, ಗೆದ್ದು ಏನು ಬಂತು?’ ಎಂದು ಬರೆದಿದ್ದೀರಿ. ನಮ್ಮಲ್ಲಿ ಕೋರ್ಟಿನ ಬಗ್ಗೆ ಒಂದೇ ಗಾದೆ ಅಲ್ವಾ: ಗೆದ್ದವನು ಸೋತ, ಸೋತವನು ಸತ್ತ. ಅಮೆರಿಕದಲ್ಲಿ ಕೂತು ಬರೆದ ಆ ಕಾದಂಬರಿಯ ಕೊನೆಯ ಅಧ್ಯಾಯ ಓದಿದಾಗ ನನಗೆ ನೆನಪಾದದ್ದು ಈ ಗಾದೆ. ಜೊತೆಗೆ ನಮ್ಮ ಅಪ್ಪ.

ಅಪ್ಪನದು ಬದುವಿನ ಪಕ್ಕದ ಹತ್ತು ಗುಂಟೆ ಜಮೀನಿನ ದಾವೆ. ಹದಿನಾಲ್ಕು ವರ್ಷ ನಡೆಯಿತು. ತಾರೀಖು ಇದ್ದ ದಿನ ಬೆಳಿಗ್ಗೆ ಆರರ ಬಸ್ಸು. ಬಟ್ಟೆ ಚೀಲದಲ್ಲಿ ಪಹಣಿ, ಹಳೇ ಕ್ರಯಪತ್ರ, ಅದರ ಮೇಲೆ ಚಿತ್ರಾನ್ನದ ಡಬ್ಬಿ. ಒಂದು ಸಲ ಡಬ್ಬಿಯ ಎಣ್ಣೆ ಸೋರಿ ಕ್ರಯಪತ್ರದ ಮೂಲೆ ಹಳದಿಯಾಗಿತ್ತು. ಅಪ್ಪ ಅದನ್ನು ಬಿಸಿಲಿಗೆ ಹಿಡಿದು ಒಣಗಿಸುತ್ತಾ ಹುಣಸೆ ಮರದ ಕೆಳಗೆ ಕೂತಿದ್ದರು. ಒಳಗಿಂದ ಹೆಸರು ಕೂಗುವವರೆಗೂ ನೀರು ಕುಡಿಯಲೂ ಏಳುತ್ತಿರಲಿಲ್ಲ. ಕೂಗಿದಾಗ ಇಲ್ಲದಿದ್ದರೆ ಕೇಸು ಹೋಯಿತು ಎಂಬ ಹೆದರಿಕೆ. ಕೊನೆಗೆ ಡಿಕ್ರಿ ನಮ್ಮ ಕಡೆ ಆಯಿತು. ಅಷ್ಟರಲ್ಲಿ ಖರ್ಚಿಗೆಂದು ಬೇರೆ ಕಡೆಯ ಅರ್ಧ ಎಕರೆ ಮಾರಿಯಾಗಿತ್ತು.

ಹಾಗಾಗಿ ರೂಡಿ ಬರಿಗೈಯಲ್ಲಿ ಹೊರಡುವುದು ನನಗೆ ಕಥೆ ಕೆಟ್ಟಂತೆ ಕಾಣಲಿಲ್ಲ. ಕೋರ್ಟು ಕಂಡ ಮನುಷ್ಯ ಸುಳ್ಳು ಹೇಳಲು ಒಪ್ಪದೆ ಬರೆದ ಕೊನೆ ಅದು. ಗ್ರಿಷಮ್ ಮಿಸಿಸಿಪ್ಪಿಯ ಸೌತ್‌ಹೇವನ್ ಎಂಬ ಊರಿನಲ್ಲಿ ಸುಮಾರು ಹತ್ತು ವರ್ಷ ಸಣ್ಣಪುಟ್ಟ ಕೇಸು ನಡೆಸಿದವರು. ಫೀಸು ಕೊಡಲಾಗದ ಕಕ್ಷಿದಾರರನ್ನು ಎದುರಿಗೆ ಕೂರಿಸಿಕೊಂಡವರು. ಬೆಳಗಿನ ಜಾವ ಎದ್ದು, ಆಫೀಸಿಗೆ ಹೋಗುವ ಮುಂಚೆ ಬರೆಯುತ್ತಿದ್ದರು. ಮೊದಲ ಕಾದಂಬರಿ ‘ಎ ಟೈಮ್ ಟು ಕಿಲ್’ 1989ರಲ್ಲಿ ಬಂದಾಗ ಅಚ್ಚಾದದ್ದು 5000 ಪ್ರತಿ, ಅದರಲ್ಲಿ 1000 ಅವರೇ ಕೊಂಡರು. 1991ರ ‘ದ ಫರ್ಮ್’ ಬರುವವರೆಗೆ ಅವರ ಹೆಸರು ಹೆಚ್ಚು ಜನಕ್ಕೆ ಗೊತ್ತಿರಲಿಲ್ಲ.

ಇಲ್ಲಿ ಒಂದು ವಿಷಯ ಹೇಳಬೇಕು. ಅವರ ಕಥೆಗಳು ನಮಗೆ ಅರ್ಧ ಪರಕೀಯ ಅನ್ನಿಸಲು ಎರಡು ಕಾರಣ ಇವೆ. ಅಲ್ಲಿ ಗೆದ್ದರೆ ಪರಿಹಾರದಲ್ಲಿ ಇಷ್ಟು ಪಾಲು ವಕೀಲನಿಗೆ ಎಂಬ ಒಪ್ಪಂದ ನಡೆಯುತ್ತದೆ. ಅದಕ್ಕೇ ಕಂಪನಿ ದಿವಾಳಿಯಾದಾಗ ರೂಡಿಯೂ ಮುಳುಗುತ್ತಾನೆ. ನಮ್ಮಲ್ಲಿ ಬಾರ್ ಕೌನ್ಸಿಲ್ ನಿಯಮ ಅದನ್ನು ಒಪ್ಪುವುದಿಲ್ಲ. ನಿಮ್ಮ ಮಗಳಿಗೆ ಇದು ಗೊತ್ತಿರುತ್ತದೆ. ಇನ್ನೊಂದು ಜ್ಯೂರಿ. 1959ರಲ್ಲಿ ನೌಕಾಪಡೆ ಅಧಿಕಾರಿ ನಾನಾವತಿಯ ಕೊಲೆ ಕೇಸಿನಲ್ಲಿ ಮುಂಬೈನ ಜ್ಯೂರಿ 8–1ರಲ್ಲಿ ಆರೋಪಿ ನಿರ್ದೋಷಿ ಎಂದಿತು. ಜಡ್ಜ್ ಒಪ್ಪದೆ ಹೈಕೋರ್ಟಿಗೆ ಕಳಿಸಿದರು, ಅಲ್ಲಿ ಜೀವಾವಧಿ ಶಿಕ್ಷೆಯಾಯಿತು. 1973ರ ಹೊಸ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಜಾಗವೇ ಉಳಿಯಲಿಲ್ಲ. ಊರಿನ ಜನ ಕೂತು ತೀರ್ಮಾನ ಮಾಡುವುದನ್ನು ನಾವು ಈಗ ನೋಡುವುದು ಸಿನಿಮಾದಲ್ಲಿ, ಕಾದಂಬರಿಯಲ್ಲಿ.

‘ದ ಚೇಂಬರ್’ ವಿಷಯದಲ್ಲಿ ನಿಮ್ಮ ಸಿಟ್ಟು ಜಾಸ್ತಿ ಇದೆ. ಅಷ್ಟು ಪುಟ ಓದಿಸಿ ಕೊನೆಗೆ ಮುದುಕನನ್ನು ಕೊಂದೇಬಿಟ್ಟರಲ್ಲ ಎಂದಿದ್ದೀರಿ. ನಡುವೆ ಎಳೆದಾಟ ಇರುವುದು ನಿಜ, ನೂರು ಪುಟ ಕಡಿಮೆ ಮಾಡಬಹುದಿತ್ತು. ಆದರೆ ಆ ಮುದುಕ ಸ್ಯಾಮ್ ಯಾರು? ಕಪ್ಪು ಜನರನ್ನು ದ್ವೇಷಿಸುವ ಬಿಳಿಯರ ಗುಂಪು ಕೂ ಕ್ಲಕ್ಸ್ ಕ್ಲಾನ್ ಸೇರಿ ಬಾಂಬ್ ಇಡಲು ಹೋದವನು. ಇಬ್ಬರು ಪುಟ್ಟ ಮಕ್ಕಳ ಜೀವ ಹೋಯಿತು. ಅವನ ಮೊಮ್ಮಗನೇ ವಕೀಲನಾಗಿ ಒಂದರ ಮೇಲೊಂದು ಅರ್ಜಿ ಹಾಕುತ್ತಾನೆ, ಒಂದರ ಮೇಲೊಂದು ವಜಾ ಆಗುತ್ತದೆ. ಕೊನೆಯ ಗಳಿಗೆಯಲ್ಲಿ ಒಂದು ಫೋನು ಬಂದು ಮರಣದಂಡನೆ ತಪ್ಪಿದ್ದರೆ ನೀವು ಸಮಾಧಾನದಿಂದ ಪುಸ್ತಕ ಮುಚ್ಚಿಡುತ್ತಿದ್ದಿರಿ. ಈಗ ಅಂಥವನ ಸಾವಿಗೂ ಸಂಕಟಪಟ್ಟು ನನಗೆ ನಾಲ್ಕು ಪುಟ ಬರೆದಿದ್ದೀರಿ. ಆ ಸಂಕಟವನ್ನು ಲೇಖಕರ ಸೋಲು ಎಂದು ನಾನು ಲೆಕ್ಕ ಹಾಕಲಾರೆ.

‘ಎ ಟೈಮ್ ಟು ಕಿಲ್’ ಸಿನಿಮಾ ಟಿವಿಯಲ್ಲಿ ನೋಡಿ ಅತ್ತಿರಿ ಎಂದೂ ಬರೆದಿದ್ದೀರಿ. ಮಗಳ ಮೇಲೆ ಅತ್ಯಾಚಾರ ಮಾಡಿದವರನ್ನು ಕೊಂದ ತಂದೆಯ ಪರ ನಿಂತ ವಕೀಲ ಜೇಕ್ ಜ್ಯೂರಿಗೆ ಕಣ್ಣು ಮುಚ್ಚಲು ಹೇಳಿ, ಆ ಕಪ್ಪು ಹುಡುಗಿಯ ಮೇಲೆ ನಡೆದ ಅತ್ಯಾಚಾರವನ್ನು ವಿವರಿಸಿ, ಕೊನೆಗೆ ‘ಈಗ ಅವಳು ಬಿಳಿಯ ಹುಡುಗಿ ಅಂದುಕೊಳ್ಳಿ’ ಅನ್ನುವ ದೃಶ್ಯ. ‘ಇಂಥದ್ದನ್ನು ಗ್ರಿಷಮ್ ಪುಸ್ತಕದಲ್ಲಿ ಯಾಕೆ ಬರೆಯುವುದಿಲ್ಲ?’ ಎಂಬುದು ನಿಮ್ಮ ಪ್ರಶ್ನೆ.

ಬರೆದಿದ್ದಾರೆ ಮೇಡಂ. ಆದರೆ ಪುಸ್ತಕದಲ್ಲಿ ಆ ಮಾತು ವಕೀಲನದಲ್ಲ. ಜ್ಯೂರಿಯಲ್ಲಿರುವ ಒಬ್ಬ ಹೆಂಗಸಿನದು. ಬಾಗಿಲು ಮುಚ್ಚಿದ ಕೋಣೆಯಲ್ಲಿ, ತೀರ್ಮಾನ ಆಗದೆ ಎಲ್ಲರೂ ಸೋತು ಕೂತಿದ್ದಾಗ, ಆಕೆ ಉಳಿದವರಿಗೆ ಕಣ್ಣು ಮುಚ್ಚಲು ಹೇಳುತ್ತಾಳೆ. ಜೇಕ್ ಅಲ್ಲಿ ಇರುವುದೇ ಇಲ್ಲ. ಅವನು ಮಾಡಬೇಕಾದ್ದೆಲ್ಲ ಮಾಡಿ ಹೊರಗೆ ಕಾಯುತ್ತಿದ್ದಾನೆ, ಅಪ್ಪ ಹುಣಸೆ ಮರದ ಕೆಳಗೆ ಕಾದ ಹಾಗೆ. ಸಿನಿಮಾಕ್ಕೆ ಹೀರೋನ ಭಾಷಣ ಬೇಕಿತ್ತು, ಕೊಟ್ಟರು, ಚೆನ್ನಾಗಿಯೂ ಇದೆ. ನನಗೆ ಮಾತ್ರ ಪುಸ್ತಕದ್ದೇ ಹೆಚ್ಚು. ಕೋರ್ಟಿನಲ್ಲಿ ಒಬ್ಬ ಪುಟ್ಟ ಹುಡುಗಿಯ ಸಾಕ್ಷಿ ಕೇಳಿಸಿಕೊಂಡು ಮನಸ್ಸು ಕಲಕಿ ಗ್ರಿಷಮ್ ಆ ಕಾದಂಬರಿ ಶುರು ಮಾಡಿದ್ದರು. ಆ ಹುಡುಗಿಯ ನೋವು ಮುಟ್ಟಬೇಕಾದ್ದು ಆ ಕೋಣೆಯಲ್ಲಿ ಕೂತವರಿಗೆ ತಾನೇ?

ಮಗಳಿಗೆ ಮುಂದೆ ಯಾವುದು ಓದಲು ಹೇಳಲಿ ಎಂದು ಕೇಳಿದ್ದೀರಿ. 2006ರ ‘ದಿ ಇನೊಸೆಂಟ್ ಮ್ಯಾನ್’ ಕೊಡಿ. ಅದು ಕಾದಂಬರಿ ಅಲ್ಲ, ನಡೆದದ್ದು. ಒಕ್ಲಹೋಮಾದ ಬೇಸ್‌ಬಾಲ್ ಆಟಗಾರ ರಾನ್ ವಿಲಿಯಮ್‌ಸನ್ ಮಾಡದ ಕೊಲೆಗೆ ಮರಣದಂಡನೆಗೆ ಗುರಿಯಾಗಿದ್ದರು. ಶಿಕ್ಷೆಗೆ ಐದು ದಿನ ಉಳಿದಿದ್ದಾಗ ತಡೆ ಸಿಕ್ಕಿತು. ಡಿಎನ್‌ಎ ಪರೀಕ್ಷೆಯಿಂದ ಬಿಡುಗಡೆ ಆದದ್ದು 1999ರಲ್ಲಿ. ಅವರು ತೀರಿಕೊಂಡ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ಗ್ರಿಷಮ್ ಈ ಪುಸ್ತಕಕ್ಕೆ ಕೈ ಹಾಕಿದರು. ಕ್ರಿಮಿನಲ್ ಕೇಸು ಹಿಡಿಯುವ ಮುಂಚೆ ನಿಮ್ಮ ಮಗಳು ಅದನ್ನು ಓದಲಿ.

ನಿಮ್ಮ ಕಾಗದವನ್ನು ಈ ಸಂಚಿಕೆಯಲ್ಲಿ ಒಂದು ಸಾಲೂ ಬಿಡದೆ ಹಾಕಿದ್ದೇವೆ. ನನ್ನ ಹತ್ತಿರ ಇರುವ ‘ಎ ಟೈಮ್ ಟು ಕಿಲ್’ ಹಳೇ ಪ್ರತಿಯನ್ನು ನಾಳೆ ಪೋಸ್ಟಿಗೆ ಹಾಕುತ್ತೇನೆ. ಜ್ಯೂರಿ ಕೋಣೆಯ ಪುಟಕ್ಕೆ ಬಸ್ ಟಿಕೆಟ್ ಇಟ್ಟಿದ್ದೇನೆ. ಓದಿ ಆದ ಮೇಲೆ, ಅವಸರ ಇಲ್ಲ, ವಾಪಸ್ ಕಳಿಸಿ.