ವಯಸ್ಸಾದ ತಂದೆ-ತಾಯಿಗೆ ಯಾವ ಕಾರು? ಮೊದಲು ಅಮ್ಮ ಕೂರುವ ಕುರ್ಚಿಯನ್ನು ಅಳೆಯಿರಿ

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ತಂದೆಗೆ 76, ತಾಯಿಗೆ 70. ಇಬ್ಬರೂ ಮೂಡಿಗೆರೆ ಕಡೆಯ ತೋಟದ ಮನೆಯಲ್ಲಿದ್ದಾರೆ. ತಿಂಗಳಿಗೊಮ್ಮೆ ಹಾಸನದ ಆಸ್ಪತ್ರೆ, ವರ್ಷಕ್ಕೆ ನಾಲ್ಕಾರು ಸಲ ಬೆಂಗಳೂರು. ಹದಿನೈದು ಲಕ್ಷದೊಳಗೆ ಕುಲುಕದ, ಸದ್ದು ಮಾಡದ, ಆರಾಮದ ಕಾರು ಬೇಕು. ಸೆಡಾನ್ ತೆಗೆದುಕೊಳ್ಳಲೋ, ಎಸ್‌ಯುವಿ ತೆಗೆದುಕೊಳ್ಳಲೋ ಎಂದು ಕೇಳಿದ್ದೀರಿ.

ನಮ್ಮ ಮನೆಯದೂ ಹೆಚ್ಚುಕಡಿಮೆ ಇದೇ ಕಥೆ. ನಾನಿರುವುದು ಚಿಕ್ಕಮಗಳೂರಿನಲ್ಲಿ, ಅಪ್ಪ ಅಮ್ಮ ಇರುವುದು ಆಲ್ದೂರಿನಾಚೆ. ಅಲ್ಲಿಂದ ಬೇಲೂರಿನ ಮೇಲೆ ಹಾಸನಕ್ಕೆ ಸುಮಾರು ಎಂಬತ್ತು ಕಿಲೋಮೀಟರ್, ಎರಡು ಗಂಟೆಯ ದಾರಿ. ಮೊದಲ ಸಲ ನಾನು ಕೊಂಡದ್ದು ತಪ್ಪು ಗಾಡಿ. ಯಾವ ಕಂಪನಿಯದು ಎಂಬುದು ಮುಖ್ಯವಲ್ಲ, ಏಕೆಂದರೆ ತಪ್ಪು ಗಾಡಿಯದಾಗಿರಲಿಲ್ಲ, ನನ್ನದಾಗಿತ್ತು. ಮಲೆನಾಡಿನ ರಸ್ತೆಗೆ ಎತ್ತರದ ದೊಡ್ಡ ಡೀಸೆಲ್ ಗಾಡಿಯೇ ಸರಿ ಎಂದು ಯಾರನ್ನೂ ಕೇಳದೆ ತೀರ್ಮಾನಿಸಿದ್ದೆ.

ಅದರ ಸೀಟು ನೆಲದಿಂದ 28 ಇಂಚು ಮೇಲಿತ್ತು. ಅಮ್ಮನ ಎತ್ತರ ಐದು ಅಡಿ. ಪಕ್ಕದಲ್ಲಿ ಹಾಕಿಸಿದ ಮೆಟ್ಟಿಲು ಅಂಗೈ ಅಗಲದ್ದು, ಸೀರೆಯ ನೆರಿಗೆ ಹಿಡಿದುಕೊಂಡು ಅದರ ಮೇಲೆ ಕಾಲಿಡುವುದು ಸರ್ಕಸ್. ಕೊನೆಗೆ ಅಮ್ಮ ಅಡುಗೆಮನೆಯಿಂದ ಒಂದು ಮಣೆ ತಂದು ಡಿಕ್ಕಿಯಲ್ಲಿ ಇಟ್ಟರು. ಎಲ್ಲಿ ನಿಂತರೂ ನಾನು ಇಳಿದು ಮಣೆ ಹಾಕಬೇಕು, ಅವರು ಇಳಿಯಬೇಕು, ಮಣೆ ಎತ್ತಿಡಬೇಕು. ಒಮ್ಮೆ ಬೇಲೂರಿನಲ್ಲಿ ಚೆನ್ನಕೇಶವನಿಗೆ ಕೈಮುಗಿದು ಹೊರಟವರು ಮಣೆಯನ್ನು ಅಲ್ಲೇ ಮರೆತೆವು. ಹಾಸನದ ಆಸ್ಪತ್ರೆಯ ಬಾಗಿಲಲ್ಲಿ ಅದು ಗೊತ್ತಾಯಿತು. ಕಾವಲುಗಾರ ತಾನು ಕುಳಿತಿದ್ದ ಪ್ಲಾಸ್ಟಿಕ್ ಸ್ಟೂಲನ್ನೇ ಕೊಟ್ಟ. ಸಂಜೆ ವಾಪಸ್ಸು ಬರುವಾಗ ನೋಡಿದರೆ, ಹೂ ಮಾರುವ ಹೆಂಗಸೊಬ್ಬರು ನಮ್ಮ ಮಣೆಯ ಮೇಲೆ ಕುಳಿತು ಮಲ್ಲಿಗೆ ಕಟ್ಟುತ್ತಿದ್ದರು. ಅಮ್ಮ ಅದನ್ನು ಕೇಳಲು ಬಿಡಲಿಲ್ಲ. ಮಣೆ ಅಲ್ಲೇ ಉಳಿಯಿತು, ಮೂರು ತಿಂಗಳಿಗೆ ಗಾಡಿಯನ್ನೂ ಮಾರಿದೆ.

ಹಾಗಾಗಿ ಸೆಡಾನೋ ಎಸ್‌ಯುವಿಯೋ ಎಂಬ ಪ್ರಶ್ನೆಯನ್ನು ಸದ್ಯಕ್ಕೆ ಬದಿಗಿಡಿ. ನಿಮ್ಮ ತಾಯಿ ಮನೆಯಲ್ಲಿ ಯಾರ ಕೈಯನ್ನೂ ಹಿಡಿಯದೆ ಕುಳಿತು ಏಳುವ ಕುರ್ಚಿ ಯಾವುದು ಎಂದು ನೋಡಿ ಅದರ ಎತ್ತರ ಅಳೆದುಕೊಳ್ಳಿ. ಊಟದ ಮೇಜಿನ ಕುರ್ಚಿ ಸಾಮಾನ್ಯವಾಗಿ 18 ಇಂಚು ಇರುತ್ತದೆ. ಕಾರಿನ ಸೀಟು ಅದಕ್ಕಿಂತ ಮೂರು ನಾಲ್ಕು ಇಂಚು ಹೆಚ್ಚಿದ್ದರೆ ಮಂಡಿಗೆ ಸುಖ. ನಮ್ಮ ಅಮ್ಮನಿಗೆ ಒಗ್ಗಿದ್ದು 22 ಇಂಚು. ಅದಕ್ಕಿಂತ ಬಹಳ ತಗ್ಗಿದರೆ ಬಾವಿಯೊಳಗೆ ಇಳಿದಂತೆ, ಏಳುವಾಗ ಇಡೀ ಮೈಯ ಭಾರ ಮಂಡಿಯ ಮೇಲೆ. ಬಹಳ ಎತ್ತರವಾದರೆ ಮರ ಹತ್ತಿದಂತೆ. ಸೆಡಾನ್‌ಗಳಲ್ಲಿ ಮೊದಲಿನ ಕಷ್ಟ, ದೊಡ್ಡ ಎಸ್‌ಯುವಿಗಳಲ್ಲಿ ಎರಡನೆಯದು. ಅಪ್ಪ ಈಗಲೂ ಅಂಬಾಸಿಡರ್ ಕಾರನ್ನು ನೆನೆದು ನಿಟ್ಟುಸಿರು ಬಿಡುತ್ತಾರೆ. 2014ರಲ್ಲೇ ನಿಂತುಹೋದ ಗಾಡಿಯ ಗುಣಗಾನ ನನಗೆ ಹಳೆಯ ಕಾಲದ ಹುಚ್ಚಾಗಿ ಕಾಣುತ್ತಿತ್ತು. ಯೋಚಿಸಿದರೆ ಅವರ ಮಾತಿನಲ್ಲಿ ಹುರುಳಿದೆ: ಅದರ ಹಿಂದಿನ ಸೀಟು ಹಜಾರದ ಸೋಫಾದ ಎತ್ತರಕ್ಕಿತ್ತು, ಬಾಗಿಲು ದಾಟಿದರೆ ಕುಳಿತಂತೆಯೇ.

ಎತ್ತರದ ಜೊತೆಗೆ ಬಾಗಿಲಿನ ಹೊಸ್ತಿಲನ್ನೂ ನೋಡಿ. ನಮ್ಮ ಕಡೆಯ ಮಳೆಯಲ್ಲಿ ಇದು ಸಣ್ಣ ಸಂಗತಿಯಲ್ಲ. ತೋಟದ ರಸ್ತೆಯ ಕೆಸರು ಹೊಸ್ತಿಲಿನ ಮೇಲೆ ಕೂತಿರುತ್ತದೆ, ಇಳಿಯುವಾಗ ಸೀರೆಯ ಅಂಚೋ ಪಂಚೆಯೋ ಅದನ್ನು ಒರೆಸಿಕೊಂಡೇ ಬರುತ್ತದೆ. ಕೆಲವು ಕಾರುಗಳಲ್ಲಿ ಬಾಗಿಲೇ ಕೆಳಗಿನವರೆಗೆ ಇಳಿದು ಹೊಸ್ತಿಲನ್ನು ಮುಚ್ಚಿಕೊಂಡಿರುತ್ತದೆ, ತೆರೆದಾಗ ಹೊಸ್ತಿಲು ಒಣಗಿರುತ್ತದೆ. ಯಾವ ಮಾರಾಟಗಾರನೂ ಇದನ್ನು ಹೇಳುವುದಿಲ್ಲ, ನೀವೇ ಬಗ್ಗಿ ನೋಡಬೇಕು. (ಇಂಬಳ, ಅಂದರೆ ಜಿಗಣೆ, ಒಳಗೆ ಬರುವುದನ್ನು ಮಾತ್ರ ಯಾವ ಬಾಗಿಲೂ ತಡೆಯುವುದಿಲ್ಲ.) ಬಾಗಿಲು ಎಷ್ಟು ಅಗಲಕ್ಕೆ ತೆರೆಯುತ್ತದೆ, ಒಳಗೆ ಮೇಲೆ ಹಿಡಿದುಕೊಳ್ಳಲು ಹಿಡಿ ಇದೆಯೇ, ತಲೆ ಬಗ್ಗಿಸಬೇಕೇ, ಕುಳಿತ ಮೇಲೆ ತೊಡೆಯ ಕೆಳಗೆ ಕುಶನ್ ಸಿಗುತ್ತದೆಯೇ ಎಂಬುದೂ ಅಷ್ಟೇ ಮುಖ್ಯ. ಮಂಡಿ ಮೇಲೆದ್ದು ತೊಡೆ ಗಾಳಿಯಲ್ಲಿದ್ದರೆ ಅರ್ಧ ಗಂಟೆಗೆ ಸೊಂಟ ಹಿಡಿಯುತ್ತದೆ.

ಇನ್ನು ಟೆಸ್ಟ್ ಡ್ರೈವ್. ನಾವೆಲ್ಲ ಮಾಡುವ ತಪ್ಪೆಂದರೆ ಸ್ಟೀರಿಂಗ್ ಹಿಡಿದು ಕುಳಿತುಬಿಡುವುದು. ಕಾರಿನಲ್ಲಿ ಎಲ್ಲಕ್ಕಿಂತ ಕಡಿಮೆ ಕುಲುಕುವುದು ಮುಂದಿನ ಸೀಟುಗಳೇ, ಏಕೆಂದರೆ ಅವು ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಇರುತ್ತವೆ. ಹಿಂದಿನ ಸೀಟು ಹಿಂದಿನ ಚಕ್ರಕ್ಕೆ ಅಂಟಿಕೊಂಡಂತೆ ಇರುತ್ತದೆ. ಮೂರನೆಯ ಸಾಲಿನ ಸೀಟಂತೂ ಚಕ್ರದ ನೆತ್ತಿಯ ಮೇಲೆಯೇ, ಅಲ್ಲಿ ಹಿರಿಯರನ್ನು ಕೂರಿಸುವ ಯೋಚನೆಯನ್ನೇ ಮಾಡಬೇಡಿ. ಆದ್ದರಿಂದ ಶೋರೂಮಿನವನಿಗೇ ಓಡಿಸಲು ಹೇಳಿ ನೀವು ಹಿಂದೆ ಕುಳಿತುಕೊಳ್ಳಿ. ಅವನು ಹಾಸನದಲ್ಲಾದರೆ ಬಿ.ಎಂ. ರಸ್ತೆಯಲ್ಲಿ, ಚಿಕ್ಕಮಗಳೂರಿನಲ್ಲಾದರೆ ಕೆ.ಎಂ. ರಸ್ತೆಯಲ್ಲಿ ಒಂದು ಸುತ್ತು ಹೊಡೆಸಿ ನಗುತ್ತಾನೆ. ಒಪ್ಪಬೇಡಿ. ಹೊಂಡ ಬಿದ್ದ ಹಳ್ಳಿ ರಸ್ತೆಗೆ, ಸಾಧ್ಯವಾದರೆ ನಿಮ್ಮ ತೋಟದ ದಾರಿಗೇ ಕರೆದುಕೊಂಡು ಹೋಗಿ.

ವಾಹನ ವಿಮರ್ಶಕರು ಹೊಗಳುವ 'ಸ್ಥಿರತೆ' ಬೇರೆ, ಹಿರಿಯರಿಗೆ ಬೇಕಾದ ಮೆತ್ತನೆ ಬೇರೆ. ಅವರು ನೂರರ ವೇಗದಲ್ಲಿ ಗಾಡಿ ಹೇಗೆ ನೆಲ ಹಿಡಿಯುತ್ತದೆ ಎಂದು ನೋಡುತ್ತಾರೆ. ಬೇಲೂರು ರಸ್ತೆಯಲ್ಲಿ ನಮ್ಮ ವೇಗ ನಲವತ್ತು, ಐವತ್ತು. ಊರು ಬಂದರೆ ಹಂಪ್, ಶಾಲೆ ಬಂದರೆ ಹಂಪ್. ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆ ಭಾರತೀಯ ರಸ್ತೆ ಕಾಂಗ್ರೆಸ್ ಹೇಳುವ ಅಳತೆ, ಗಾಡಿ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲಕ್ಕೆ 10 ಸೆಂಟಿಮೀಟರ್ ಎತ್ತರ. ಹಾಗೆ ಕಟ್ಟಿದ್ದರೆ ಯಾವ ಕಾರಾದರೂ ದೋಣಿಯಂತೆ ದಾಟುತ್ತದೆ. ನಮ್ಮ ಊರುಗಳಲ್ಲಿ ಅದೇ ಎತ್ತರವನ್ನು ಅರ್ಧ ಮೀಟರಿನ ಅಗಲದಲ್ಲಿ ಕೂರಿಸಿರುತ್ತಾರೆ. ಹಾಗಾಗಿ ನಿಧಾನದ ವೇಗದಲ್ಲಿ ಹಂಪಿನ ಹೊಡೆತ ನುಂಗುವ ಗಾಡಿ ಬೇಕು.

ಅದನ್ನು ನುಂಗುವುದರಲ್ಲಿ ಟೈರಿನ ಪಾಲು ದೊಡ್ಡದು. ಟೈರಿನ ಪಕ್ಕದಲ್ಲಿ 215/60 ಆರ್16 ಎಂದು ಬರೆದಿದ್ದರೆ, ಅಗಲ 215 ಮಿಲಿಮೀಟರ್, ಪಕ್ಕದ ರಬ್ಬರಿನ ಎತ್ತರ ಅದರ ಶೇ 60, ಅಂದರೆ 129 ಮಿಲಿಮೀಟರ್; ಕೊನೆಯ 16 ಚಕ್ರದ ಅಳತೆ, ಇಂಚಿನಲ್ಲಿ. ನೋಡಲು ಚೆಂದವೆಂದು 225/45 ಆರ್18 ಹಾಕಿಸಿದರೆ ಆ ರಬ್ಬರು 101 ಮಿಲಿಮೀಟರಿಗೆ ಇಳಿಯುತ್ತದೆ. ಹೋದದ್ದು ಒಂದು ಇಂಚಿಗೂ ಹೆಚ್ಚು ಮೆತ್ತೆ. ಸಾಮಾನ್ಯವಾಗಿ ಎಲ್ಲಕ್ಕಿಂತ ದುಬಾರಿ ಮಾದರಿಗೆ ದೊಡ್ಡ ಚಕ್ರ, ನಡುವಿನ ಮಾದರಿಗೆ ಸಣ್ಣ ಚಕ್ರ ಇರುತ್ತದೆ. ನಡುವಿನದನ್ನೇ ಕೊಳ್ಳಿ. ದುಡ್ಡು ಉಳಿಸಿಕೊಂಡು ಹೆಚ್ಚು ಸುಖ ಪಡುವ ಅವಕಾಶ ಕಾರಿನ ವ್ಯವಹಾರದಲ್ಲಿ ಇದೊಂದೇ ಇರಬೇಕು.

ಸದ್ದಿನ ವಿಷಯವನ್ನು ನಾನು ತಿಳಿದುಕೊಂಡದ್ದು ತಡವಾಗಿ. ಅಪ್ಪನಿಗೆ ಎರಡೂ ಕಿವಿಗೆ ಶ್ರವಣ ಯಂತ್ರವಿದೆ. ಹಳೆಯ ಗಾಡಿಯಲ್ಲಿ ಚಿಕ್ಕಮಗಳೂರು ಬರುವ ಮೊದಲೇ ಎರಡನ್ನೂ ಕಿತ್ತು ಜೇಬಿಗೆ ಹಾಕುತ್ತಿದ್ದರು. ಆಮೇಲೆ ಹಾಸನದವರೆಗೆ ಕಿಟಕಿಯಾಚೆ ನೋಡುತ್ತಾ ಕೂರುತ್ತಿದ್ದರು. ಆಸ್ಪತ್ರೆಗೆ ಹೋಗುವ ಬೇಸರ ಎಂದುಕೊಂಡಿದ್ದೆ. ಯಂತ್ರ ಮಾತನ್ನು ಮಾತ್ರವಲ್ಲ, ಎಂಜಿನ್ನಿನ ಗುಡುಗುಡು, ಟೈರಿನ ಗುಂಯ್ ಎಲ್ಲವನ್ನೂ ದೊಡ್ಡದು ಮಾಡಿ ಕಿವಿಗೆ ಸುರಿಯುತ್ತದೆ ಎಂಬುದು ಹೊಳೆದಿರಲಿಲ್ಲ. ಹೊಸ ಕಾರು ಬಂದ ಮೇಲೆ ಮೊದಲ ಸಲ ಹೋಗುವಾಗ ಅಮ್ಮ ಮತ್ತು ನಾನು ನೆಂಟರ ಮನೆಯ ಸುದ್ದಿ ಮಾತನಾಡುತ್ತಿದ್ದೆವು. ಬೇಲೂರಿನ ಹತ್ತಿರ ಹಿಂದಿನಿಂದ ಧ್ವನಿ ಬಂತು: "ಯಾರ ಮದುವೆ ಎಂದೆ?" ತಿರುಗಿ ನೋಡಿದರೆ ಯಂತ್ರಗಳು ಕಿವಿಯಲ್ಲೇ ಇದ್ದವು. ಅಂದಿನಿಂದ ನನ್ನ ಓವರ್‌ಟೇಕ್‌ಗಳ ಬಗ್ಗೆಯೂ ಟೀಕೆ ಶುರುವಾಗಿದೆ, ಅದು ಬೇರೆ ಮಾತು.

ನಿಮ್ಮ ತಂದೆಯ ಕಿವಿ ಚುರುಕಾಗಿಯೇ ಇರಬಹುದು. ಆದರೂ ಹಿಂದಿನ ಸೀಟಿನಲ್ಲಿ ಕುಳಿತು, ಮುಂದೆ ಇರುವವರು ಸಹಜ ದನಿಯಲ್ಲಿ ಆಡುವ ಮಾತು ಅರವತ್ತರ ವೇಗದಲ್ಲಿ ಕೇಳುತ್ತದೆಯೇ ಎಂದು ಪರೀಕ್ಷಿಸಿ. ಶಿರಾಡಿ ಘಾಟಿಯ ಕಾಂಕ್ರೀಟಿನಂಥ ರಸ್ತೆಯಲ್ಲಿ ಟೈರಿನ ಸದ್ದು ಡಾಂಬರಿಗಿಂತ ಹೆಚ್ಚು, ಹತ್ತಿರ ಅಂಥ ರಸ್ತೆಯಿದ್ದರೆ ಅಲ್ಲೇ ನೋಡಿ. ಡೀಸೆಲ್ ಬೇಡ. ಅದಕ್ಕೆ ಘಾಟಿ ಏರಲು ಶಕ್ತಿ ಇದೆ, ಆದರೆ ನಿಮಗೆ ಬೇಕಾದದ್ದು ಶಕ್ತಿಯಲ್ಲ, ಸದ್ದಿಲ್ಲದಿರುವುದು. ಪೆಟ್ರೋಲಿನಲ್ಲೂ ನಾಲ್ಕು ಸಿಲಿಂಡರಿನ ಎಂಜಿನ್ ಹುಡುಕಿ. ಮೂರು ಸಿಲಿಂಡರಿನದಕ್ಕೆ ಸ್ವಭಾವತಃ ಹಿಂದಕ್ಕೂ ಮುಂದಕ್ಕೂ ತೂಗುವ ಗುಣವಿದೆ. ತಯಾರಕರು ಅದನ್ನು ಎಷ್ಟು ಅಡಗಿಸಿದರೂ ಸಿಗ್ನಲ್ಲಿನಲ್ಲಿ ನಿಂತಾಗ ಸೀಟಿನಲ್ಲಿ ಸಣ್ಣ ನಡುಕ ಗೊತ್ತಾಗುತ್ತದೆ.

ಗೇರಿನಲ್ಲಿ ಆಟೋಮ್ಯಾಟಿಕ್ ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. ಅಗ್ಗದ ಎಎಂಟಿಯಲ್ಲಿ ಒಂದು ಯಂತ್ರ ನಿಮ್ಮ ಬದಲಿಗೆ ಕ್ಲಚ್ ಒತ್ತಿ ಗೇರ್ ಬದಲಿಸುತ್ತದೆ ಅಷ್ಟೇ. ಪ್ರತಿ ಬದಲಾವಣೆಗೂ ಹಿಂದೆ ಕುಳಿತವರ ತಲೆ ಒಮ್ಮೆ ತೂಗುತ್ತದೆ, ತಿರುವಿನ ರಸ್ತೆಯಲ್ಲಿ ಅದೇ ವಾಕರಿಕೆಗೆ ನಾಂದಿ. ಸಿವಿಟಿ (ಹಂತಗಳಿಲ್ಲದೆ ಬೆಲ್ಟಿನ ಮೂಲಕ ಬದಲಾಗುವ ಗೇರು) ಅಥವಾ ಟಾರ್ಕ್ ಕನ್ವರ್ಟರ್ (ಕ್ಲಚ್ ಬದಲು ದ್ರವದ ಮೂಲಕ ಶಕ್ತಿ ಸಾಗಿಸುವ ಆಟೋಮ್ಯಾಟಿಕ್) ನಯವಾಗಿರುತ್ತದೆ. ಘಾಟಿ ಏರುವಾಗ ಆಕ್ಸಿಲರೇಟರ್ ಜೋರಾಗಿ ಒತ್ತಿದರೆ ಯಾವ ಸಿವಿಟಿಯಾದರೂ ಎಂಜಿನ್ ಕೂಗಿಸುತ್ತದೆ, ಮೆಲ್ಲಗೆ ಒತ್ತಿದರೆ ಸುಮ್ಮನಿರುತ್ತದೆ.

ಸದ್ದಿಲ್ಲದಿರುವುದೇ ಮುಖ್ಯವಾದರೆ ಎಲೆಕ್ಟ್ರಿಕ್ ಕಾರಿಗೆ ಸಾಟಿಯಿಲ್ಲ. ಆದರೆ ಅನೇಕ ಮಾದರಿಗಳಲ್ಲಿ ಬ್ಯಾಟರಿ ಕೆಳಗಿರುವುದರಿಂದ ಕಾರಿನೊಳಗಿನ ನೆಲ ಮೇಲೆದ್ದು, ಕುಳಿತವರ ಮಂಡಿ ಮೇಲಕ್ಕೆ ಬರುತ್ತದೆ. ಆಕ್ಸಿಲರೇಟರಿನಿಂದ ಕಾಲು ತೆಗೆದೊಡನೆ ತಾನೇ ಬ್ರೇಕ್ ಹಿಡಿಯುವ ವ್ಯವಸ್ಥೆಯನ್ನು ಕಡಿಮೆ ಮಟ್ಟದಲ್ಲಿ ಇಡದಿದ್ದರೆ ಹಿಂದಿನವರಿಗೆ ತಲೆಸುತ್ತು. ಜೊತೆಗೆ ಮಳೆಗಾಲದಲ್ಲಿ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲದ ತೋಟದ ಮನೆ ನಿಮ್ಮದಾದರೆ ನಾನು ಒತ್ತಾಯಿಸಲಾರೆ.

ಹೆಸರು ಹೇಳಿ ಎನ್ನುತ್ತೀರಿ. ನಾನು ಕೊಂಡದ್ದು ಹೋಂಡಾ ಎಲಿವೇಟ್, ಸಿವಿಟಿ, 16 ಇಂಚಿನ ಚಕ್ರದ ನಡುವಿನ ಮಾದರಿ. ನಾಲ್ಕು ಸಿಲಿಂಡರಿನ 1.5 ಲೀಟರ್ ಪೆಟ್ರೋಲ್, ಕಾರಿನ ಅಡಿಭಾಗಕ್ಕೂ ನೆಲಕ್ಕೂ ನಡುವೆ 220 ಮಿಲಿಮೀಟರ್ ಅಂತರ. ಹ್ಯುಂಡೈ ಕ್ರೆಟಾದ 1.5 ಪೆಟ್ರೋಲ್ ಕೂಡ ನಾಲ್ಕು ಸಿಲಿಂಡರಿನದೇ, ಅವರು ಐವಿಟಿ ಎನ್ನುವುದು ಸಿವಿಟಿಯನ್ನೇ. ಮಾರುತಿ ಗ್ರ್ಯಾಂಡ್ ವಿಟಾರಾ ಮತ್ತು ಟೊಯೋಟಾ ಹೈರೈಡರ್‌ನ ಸಾಮಾನ್ಯ ಪೆಟ್ರೋಲಿಗೆ ಆರು ಗೇರಿನ ಟಾರ್ಕ್ ಕನ್ವರ್ಟರ್ ಸಿಗುತ್ತದೆ. ಅವುಗಳ ಸ್ಟ್ರಾಂಗ್ ಹೈಬ್ರಿಡ್ (ಎಂಜಿನ್ ಜೊತೆಗೆ ಬ್ಯಾಟರಿ ಮೋಟರಿನಿಂದಲೂ ಓಡುವ ಮಾದರಿ) ಹೊರಡುವಾಗ ನಿಶ್ಶಬ್ದ, ಆದರೆ ಎಂಜಿನ್ ಮೂರು ಸಿಲಿಂಡರಿನದು. ಯಾವ ಮಾದರಿ ನಿಮ್ಮ ಹದಿನೈದು ಲಕ್ಷದೊಳಗೆ ಕೂರುತ್ತದೆ ಎಂದು ರಸ್ತೆ ತೆರಿಗೆ ಸೇರಿಸಿ ಕೇಳಿಕೊಳ್ಳಿ. ಖರ್ಚು ಇಳಿಸಬೇಕೆಂದರೆ ನಾಲ್ಕು ಮೀಟರಿನೊಳಗಿನ, 1200 ಸಿಸಿ ಮೀರದ ಪೆಟ್ರೋಲ್ ಕಾರುಗಳತ್ತ ನೋಡಿ. 2025ರ ಸೆಪ್ಟೆಂಬರ್ 22ರಿಂದ ಅವಕ್ಕೆ ಜಿಎಸ್‌ಟಿ ಶೇ 18, ದೊಡ್ಡವಕ್ಕೆ ಶೇ 40. ಹೋಂಡಾ ಅಮೇಜ್ ಆ ಗುಂಪಿನಲ್ಲಿ ನಾಲ್ಕು ಸಿಲಿಂಡರ್, ಸಿವಿಟಿ ಎರಡೂ ಇರುವ ಸೆಡಾನ್, ಕೂರುವ ಎತ್ತರವನ್ನು ತಾಯಿಯಿಂದಲೇ ಪರೀಕ್ಷಿಸಿ. ವ್ಯಾಗನ್‌ಆರ್ ಒಳಗೆ ಹೋಗಿ ಬರಲು ಬಹಳ ಸಲೀಸು, ಊರೊಳಗಿನ ಓಡಾಟಕ್ಕೆ ಅದೇ ಸಾಕು. ದೂರದ ದಾರಿಗೆ ನಾನು ಆರಿಸುವುದಿಲ್ಲ.

ಕಾರು ಮನೆಗೆ ಬಂದ ಮೇಲೆ ಎರಡು ಮಾತು. ಬಂಕಿನ ಹುಡುಗರು ಕೇಳದೆಯೇ 40 ಪಿಎಸ್‌ಐ ಒತ್ತಡದವರೆಗೆ ಗಾಳಿ ತುಂಬುತ್ತಾರೆ. ಚಾಲಕನ ಬಾಗಿಲಿನ ಚೌಕಟ್ಟಿನ ಮೇಲಿನ ಚೀಟಿಯಲ್ಲಿ ಸರಿಯಾದ ಅಂಕಿ ಇರುತ್ತದೆ, ಬೆಳಗ್ಗೆ ಟೈರ್ ತಣ್ಣಗಿರುವಾಗ ಅಷ್ಟೇ ಹಾಕಿಸಿ. ಹಂಪ್ ಬಂದಾಗ ಬ್ರೇಕ್ ಒತ್ತಿಕೊಂಡೇ ಹತ್ತಿಸಬೇಡಿ, ಬ್ರೇಕ್ ಒತ್ತಿದಾಗ ಮುಂದಿನ ಸ್ಪ್ರಿಂಗ್ ಆಗಲೇ ಕುಗ್ಗಿರುತ್ತದೆ. ಮೊದಲೇ ವೇಗ ಇಳಿಸಿ, ಚಕ್ರ ಹಂಪ್ ಮುಟ್ಟುವ ಹೊತ್ತಿಗೆ ಬ್ರೇಕ್ ಬಿಟ್ಟಿರಿ. ದಪ್ಪದ ಜಾರುವ ಸೀಟ್ ಕವರ್ ಹಾಕಿಸಬೇಡಿ, ರೇಷ್ಮೆ ಸೀರೆಯವರು ಪ್ರತಿ ತಿರುವಿಗೂ ಬಾಗಿಲ ಕಡೆಗೆ ಜಾರುತ್ತಾರೆ.

ಹಿರಿಯರು ಹಿಂದೆಯೇ ಕೂರಬೇಕೆಂಬ ನಿಯಮವನ್ನೂ ಸ್ವಲ್ಪ ಸಡಿಲಿಸಿ. ಇಬ್ಬರಲ್ಲಿ ಯಾರಿಗೆ ವಾಕರಿಕೆ ಹೆಚ್ಚೋ ಅವರನ್ನು ಮುಂದೆ ಕೂರಿಸಿ. ನಮ್ಮಲ್ಲಿ ಅಮ್ಮ ಮುಂದೆ, ಅಪ್ಪ ಹಿಂದೆ ಎಡಗಡೆ. ಶೋರೂಮಿಗೆ ಅವರಿಬ್ಬರನ್ನೂ ಕರೆದುಕೊಂಡೇ ಹೋಗಿ, ಅದೂ ಹಾಸನದ ಆಸ್ಪತ್ರೆ ಮುಗಿಸಿ ವಾಪಸ್ಸು ಹೊರಡುವ ಹೊತ್ತಿನಲ್ಲಿ, ಮಂಡಿ ದಣಿದಿರುವಾಗ. ಬೆಳಗ್ಗೆ ಸ್ನಾನ ಮಾಡಿ ಹೊಸ ಸೀರೆ ಉಟ್ಟು ಬಂದ ಅಮ್ಮ ಯಾವ ಕಾರಿಗಾದರೂ "ಚೆನ್ನಾಗಿದೆ ಕಣೋ" ಎಂದುಬಿಡುತ್ತಾರೆ. ನಮ್ಮ ಮೊದಲ ಗಾಡಿಗೂ ಹಾಗೆಯೇ ಎಂದಿದ್ದರು.