ಬ್ರಿಟನ್ನಿನ ಹೆಸರಾಂತ ಕಾಳಗದ ವಿಮಾನ ಸ್ಪಿಟ್‌ಫೈರ್‌ಗೂ ಮುಂಚೆ ಸೂಪರ್‌ಮರೀನ್ ಕಂಪನಿ ಮಾಡಿದ ಟೈಪ್ 224 ಯಾಕೆ ಸೋತಿತು?

ಮುಖ್ಯ ತಂಟೆ ಎಂಜಿನ್ ತಂಪು ಮಾಡುವ ವ್ಯವಸ್ಥೆಯದು. ಹೊಸ ಕಾಳಗದ ವಿಮಾನಕ್ಕಾಗಿ ಬ್ರಿಟನ್ ವಾಯುಸಚಿವಾಲಯ ಇಟ್ಟ ಎಫ್.7/30 ಎಂಬ ಬೇಡಿಕೆಗೆ ಕಂಪನಿಯ ವಿನ್ಯಾಸಕ ಆರ್.ಜೆ. ಮಿಚೆಲ್ ವಿನ್ಯಾಸಗೊಳಿಸಿದ ಈ ಏಕರೆಕ್ಕೆ ವಿಮಾನ 1934ರ ಫೆಬ್ರವರಿಯಲ್ಲಿ ಮೊದಲು ಹಾರಿತು. ಅದರ ರೋಲ್ಸ್‌ರಾಯ್ಸ್ ಗೋಸ್‌ಹಾಕ್ ಎಂಜಿನ್‌ಗೆ ಮಾಮೂಲಿ ರೇಡಿಯೇಟರ್ ಇರಲಿಲ್ಲ. ಒತ್ತಡದಲ್ಲಿ 100 ಡಿಗ್ರಿ ದಾಟಿ ಕಾದ ನೀರು ಆಮೇಲೆ ಹಬೆಯಾಗಿ ರೆಕ್ಕೆಯ ಮುಂಅಂಚಿಗೆ ಹೋಗಿ, ಅಲ್ಲಿ ತಣಿದು ನೀರಾಗಿ, ಚಕ್ರದ ಕಾಲುಗಳ ಕವಚದೊಳಗಿನ ತೊಟ್ಟಿಗೆ ಇಳಿಯುತ್ತಿತ್ತು. ಗಾಳಿಯ ತಡೆ ಕಡಿಮೆ. ಕಾಗದದ ಮೇಲೆ ಸೊಗಸು.

ಎಡವಟ್ಟು ಆದದ್ದು ಪಂಪಿನಲ್ಲಿ. ತೊಟ್ಟಿಯ ನೀರು ಇನ್ನೂ ಕುದಿಯುವ ಹತ್ತಿರವೇ ಇರುತ್ತಿತ್ತು. ಪಂಪ್ ಎಳೆದಾಗ ಬಾಯಲ್ಲಿ ಒತ್ತಡ ಕುಸಿದು ನೀರು ಅಲ್ಲೇ ಹಬೆಯಾಗುತ್ತಿತ್ತು, ಪಂಪ್ ಖಾಲಿ ತಿರುಗುತ್ತಿತ್ತು. ಪೂರ್ಣಶಕ್ತಿಯಲ್ಲಿ ಮೇಲೇರುವಾಗ ರೆಕ್ಕೆತುದಿಯಿಂದ ಹಬೆ, ಕಾಕ್‌ಪಿಟ್‌ನಲ್ಲಿ ಕೆಂಪು ದೀಪ! ಪೈಲಟ್ ಏರುವುದನ್ನು ನಿಲ್ಲಿಸಿ ಎಂಜಿನ್ ತಣಿಸಬೇಕಿತ್ತು. ಕಾಳಗದ ವಿಮಾನಕ್ಕೆ ಇದು ಆಗದ ಮಾತು.

ಮೇಲಾಗಿ ದಪ್ಪ ರೆಕ್ಕೆ, ಮಡಚದ ಚಕ್ರಗಳು. ಗರಿಷ್ಠ ವೇಗ ಗಂಟೆಗೆ ಸುಮಾರು 367 ಕಿ.ಮೀ.; 15,000 ಅಡಿ ಏರಲು ಒಂಬತ್ತೂವರೆ ನಿಮಿಷ. ಕೊನೆಗೆ ಖರೀದಿ ಆದೇಶ ಸಿಕ್ಕಿದ್ದು ಗ್ಲಾಸ್ಟರ್ ಕಂಪನಿಯ ಜೋಡಿರೆಕ್ಕೆಯ ಗ್ಲಾಡಿಯೇಟರ್ ವಿಮಾನಕ್ಕೆ. ಮಿಚೆಲ್ ತೆಳು ರೆಕ್ಕೆ, ಮಡಚುವ ಚಕ್ರ, ಮರ್ಲಿನ್ ಎಂಜಿನ್ ಸೇರಿಸಿ ಹೊಸದಾಗಿ ಮಾಡಿದ ಟೈಪ್ 300, 1936ರ ಮಾರ್ಚ್‌ನಲ್ಲಿ ಹಾರಿತು. ಸ್ಪಿಟ್‌ಫೈರ್ ಅಂದರೆ ಅದೇ.