ವೃಷಣ ಇಳಿಯದ ಲ್ಯಾಬ್ರಡಾರ್: ನಿಮ್ಮ ಪ್ರಶ್ನೆಗೆ

ನಿಮ್ಮ ಎರಡು ವರ್ಷದ ಲ್ಯಾಬ್ರಡಾರ್‌ಗೆ ಒಂದು ವೃಷಣ ಕೆಳಗಿಳಿದಿಲ್ಲ, ಆದರೂ ಜಯನಗರದ ಗೆಳೆಯರು ತಮ್ಮ ಹೆಣ್ಣುನಾಯಿಗೆ ಅವನನ್ನು ಕೇಳುತ್ತಿದ್ದಾರೆ, ಪ್ರದರ್ಶನಕ್ಕಲ್ಲವಲ್ಲ, ಕೂಡಿಸಿದರೆ ತಪ್ಪೇನು ಎಂದಿದ್ದೀರಿ. ದಯವಿಟ್ಟು ಕೂಡಿಸಬೇಡಿ.

ನಾಯಿ ಪ್ರದರ್ಶನದಲ್ಲಿ ಇದೂ ಒಂದು ಅನರ್ಹತೆ, ಆದರೆ ಅನರ್ಹತೆಗಳೆಲ್ಲ ಒಂದೇ ತೂಕದವಲ್ಲ. ಬಿಳಿ ಜರ್ಮನ್ ಶೆಫರ್ಡ್ ನಾಯಿಯನ್ನು ಪ್ರದರ್ಶನದಿಂದ ಹೊರಗಿಡುವುದು ಬಣ್ಣಕ್ಕಾಗಿ. ಬಣ್ಣ ಕಾಯಿಲೆಯಲ್ಲ, ಆ ನಾಯಿಯ ಪರ ನಾನೇ ವಾದಿಸುತ್ತೇನೆ. ನಿಮ್ಮವನದು ವಂಶದಲ್ಲಿ ಹರಿಯುವ ದೋಷ. ಇಳಿದಿರುವ ಒಂದೇ ವೃಷಣದಿಂದಲೂ ಮರಿಗಳಾಗುತ್ತವೆ, ತೊಡಕಿರುವುದೇ ಅಲ್ಲಿ. ಹೆಣ್ಣುಮರಿಗಳಲ್ಲಿ ಏನೂ ಕಾಣದು, ಆದರೆ ಅವೂ ಇದನ್ನು ಮುಂದಿನ ಪೀಳಿಗೆಗೆ ದಾಟಿಸಬಲ್ಲವು. ಹೊಟ್ಟೆಯೊಳಗೇ ಉಳಿದ ವೃಷಣದಲ್ಲಿ ಗಡ್ಡೆ ಬೆಳೆಯುವ ಅಪಾಯ ಹಲವು ಪಟ್ಟು ಹೆಚ್ಚು.

ನಮ್ಮ ನಾಯಿ ರಾಜನಿಗೆ ಹಾಗೆಯೇ ಆಯಿತು. ಎಂಟನೇ ವರ್ಷದಲ್ಲಿ ಎರಡೂ ಪಕ್ಕೆಗಳ ಕೂದಲು ಉದುರಿತು, ಗಂಡುನಾಯಿಯ ಮೊಲೆತೊಟ್ಟುಗಳು ಊದಿಕೊಂಡವು. ಶಸ್ತ್ರಚಿಕಿತ್ಸೆ ಮುಗಿಸಿ ವೈದ್ಯರು ಸ್ಟೀಲ್ ತಟ್ಟೆಯಲ್ಲಿ ತೋರಿಸಿದ ಗಡ್ಡೆ ಮೂಸಂಬಿಯಷ್ಟಿತ್ತು. ಎಳೆಯ ವಯಸ್ಸಿನಲ್ಲೇ ತೆಗೆಸಬೇಕಿತ್ತು, ನನಗೆ ಹೇಳುವವರಿರಲಿಲ್ಲ.

ನಿಮಗೆ ಇನ್ನೂ ಕಾಲವಿದೆ. ಹೊಟ್ಟೆಯ ಸ್ಕ್ಯಾನ್ ಮಾಡಿಸಿ, ಎರಡೂ ವೃಷಣಗಳನ್ನು ತೆಗೆಸಿ. ಗೆಳೆಯರಿಗೆ ಕಾರಣವನ್ನು ಮುಚ್ಚಿಡದೆ ಹೇಳಿ, ಅವನ ಒಡಹುಟ್ಟಿದ ನಾಯಿಗಳನ್ನು ಸಾಕಿದವರಿಗೂ.